ಎರಡು ಸುತ್ತು ಹೆಚ್ಚು ಬಿಗಿದ ತಿರುಪು

“ಬಿಚ್ಚಿ ಅದನ್ನ!”

ತಾಜಗುಲ್‌ಳ ದನಿಗೆ ಅಂಗಡಿಯಲ್ಲಿದ್ದ ಆರೇಳು ಮಂದಿಯೂ ತಿರುಗಿ ನೋಡಿದರು.

ಕನ್ನಡಿಯ ಮುಂದೆ ನಿಂತಿದ್ದ ಎತ್ತರದ ಗಂಡಸು ಬೆಚ್ಚಿದ. ಅವನ ಮೈಮೇಲೆ ಹನ್ನೊಂದು ಜೇಬುಗಳ, ಕಿತ್ತಳೆ ಬಣ್ಣದ ಹೊಚ್ಚಹೊಸ ಕೋಟು. ಕಾಲಲ್ಲಿ ಮೂಲೆಯ ರಾಶಿಯಿಂದ ತಾನೇ ಹೆಕ್ಕಿಕೊಂಡ, ಅಂಗಡಿಯಲ್ಲೇ ಅತಿ ಅಗ್ಗದ ಸ್ಕೀ ಬೂಟು.

“ಯಾವುದನ್ನ... ಕೋಟನ್ನಾ?”

“ಎರಡನ್ನೂ. ಬೂಟಿನೊಳಗೆ ನಿಮ್ಮ ಕಾಲು ದೋಣಿ ಹಾಗೆ ತೇಲ್ತಾ ಇದೆ. ಇದನ್ನ ಹಾಕ್ಕೊಂಡು ಬೆಟ್ಟ ಇಳಿದ್ರೆ ಬೂಟು ಒಂದು ಕಡೆ ಹೋಗುತ್ತೆ, ನೀವೊಂದು ಕಡೆ ಹೋಗ್ತೀರಿ. ನಾನು ಮಾರಲ್ಲ.”

“ದುಡ್ಡು ಕೊಡ್ತೀನಿ ಅಂದ್ರೂ ಮಾರಲ್ವಾ? ಇದೆಂಥ ಅಂಗಡಿ ಕರಿಂದಾಶ್!” ತಂಗಿಯೆಂದು ಕರೆದರೂ ಅವನ ದನಿಯಲ್ಲಿ ಸಿಟ್ಟು ಮಡುಗಟ್ಟಿತ್ತು.

ಒಲೆಯ ಪಕ್ಕದಲ್ಲಿ ಚಹಾ ಹೀರುತ್ತಿದ್ದ ವ್ಯಾನ್ ಚಾಲಕ ಕುಬಾತ್ ಗಹಗಹಿಸಿ ನಕ್ಕ. “ಡಾಕ್ಟ್ರೇ, ಈ ಅಂಗಡೀಲಿ ಗಿರಾಕಿ ಸಾಮಾನು ಆರಿಸೋ ಪದ್ಧತಿ ಇಲ್ಲ. ಸಾಮಾನೇ ಗಿರಾಕೀನ ಆರಿಸುತ್ತೆ. ಸುಮ್ನೆ ಬಿಚ್ಚಿ ಕೂತ್ಕೊಳ್ಳಿ!”

ಎಲ್ಲರೂ ನಕ್ಕರು. ಆ ಗಂಡಸಿನ ಕಿವಿಯ ತುದಿಗಳು ಕೆಂಡದಂತೆ ಕೆಂಪಾದವು.

ಅದನ್ನು ಕಂಡ ತಾಜಗುಲ್‌ಳ ಅಂತಃಕರಣ ಚುರುಕ್ಕೆಂದಿತು. ‘ಇಷ್ಟು ಜನರ ಮುಂದೆ ಹೀಗೆ ಅನ್ನಬಾರದಿತ್ತು...’

“ಕೂತ್ಕೊಳ್ಳಿ ಬಾಯ್ಕೆ,” ಎಂದಳು, ಈ ಬಾರಿ ಮೆಲ್ಲಗೆ. ಕರಾಕೋಲ್ ಪಟ್ಟಣದಲ್ಲಿ ಅಂಗಡಿಯ ಹೆಣ್ಣುಮಗಳು ಹಿರಿಯ ಗಂಡಸನ್ನು ಅಣ್ಣನೆಂದೇ ಕರೆಯಬೇಕು. “ಏತಕ್ಕೆ ಬೇಕು ನಿಮಗೆ ಸ್ಕೀ? ಷೋಕಿಗಾ, ಕೆಲಸಕ್ಕಾ?”

“ಕೆಲಸಕ್ಕೆ.” ಅವನು ಬೆಂಚಿನ ಮೇಲೆ ಕುಸಿದು ಕುಳಿತ. “ಅಕ್-ತೆರೆಕ್‌ನಲ್ಲಿ ವೈದ್ಯಸಹಾಯಕ ನಾನು. ಹೆಸರು ಎರ್ಮೆಕ್. ಮೇಲಿನ ಕೇರೀಲಿ ಹನ್ನೆರಡು ಮನೆ ಇದಾವೆ. ದಾರಿ ಮುಚ್ಚಿದ್ರೆ ಕುದುರೆ ಕೂಡ ಹೊಟ್ಟೆತನಕ ಹಿಮದಲ್ಲಿ ಹೂತುಹೋಗುತ್ತೆ. ಹೋದ ವರ್ಷ ಒಬ್ರು ಮುದುಕರು... ನಾನು ನಡ್ಕೊಂಡು ಹೋಗಿ ತಲುಪೋ ಹೊತ್ತಿಗೆ...”

ಅವನು ಬೂಟಿನ ಕೊಂಡಿಗಳನ್ನು ಬಿಚ್ಚತೊಡಗಿದ.

“ಇದಕ್ಕೆ ಇರೋ ದುಡ್ಡೆಷ್ಟು?”

ಅವನು ತಗ್ಗಿದ ದನಿಯಲ್ಲಿ ಹೇಳಿದ. ಆ ಕಿತ್ತಳೆ ಕೋಟೊಂದೇ ಅದರ ಮುಕ್ಕಾಲನ್ನು ನುಂಗಿಬಿಡುತ್ತಿತ್ತು.

“ಹಾಗಾದ್ರೆ ಕೇಳಿ ಬಾಯ್ಕೆ. ಬಣ್ಣದಲ್ಲಿ ರಾಜಿ ಮಾಡ್ಕೊಳ್ಳಿ. ಗುಲಾಬಿ ಹೂವಿನ ಸ್ಕೀ ಇದೆ, ಯಾವ ಗಂಡಸೂ ಮುಟ್ಟಲ್ಲ ಅಂತ ಅರ್ಧ ಬೆಲೆಗೆ ಬಿದ್ದಿದೆ. ಹಿಮಕ್ಕೆ ಹೂವು ಕಾಣಿಸುತ್ತಾ? ಯಾವ ವರ್ಷದ್ದು ಅಂತ ಕೇಳಬೇಡಿ, ಮೇಲೆ ಗೀರಿದ್ರೆ ನೋಡಬೇಡಿ. ಎರಡು ಕೋಲು ಜೋಡಿ ಆಗಬೇಕು ಅಂತೇನಿಲ್ಲ, ಉದ್ದ ಒಂದೇ ಇದ್ರೆ ಸಾಕು. ಕೋಟು ಬೇಡವೇ ಬೇಡ. ಮನೇಲಿರೋ ಉಣ್ಣೆ ಅಂಗಿ, ಮೇಲೊಂದು ಗಾಳಿ ತಡೆಯೋ ಪದರ, ಅಷ್ಟೇ. ಆದ್ರೆ ಬೂಟು ಮಾತ್ರ...” ಅವಳು ಅವನೆದುರು ಮಂಡಿಯೂರಿದಳು. “ಬೂಟಿನಲ್ಲಿ ಒಂದು ಬೆರಳಿನಷ್ಟೂ ರಾಜಿ ಇಲ್ಲ.”

ಬೂಟಿನ ಮೆತ್ತನೆಯ ಒಳಪದರವನ್ನು ಹೊರಗೆಳೆದು, ಬರಿಯ ಗಟ್ಟಿ ಚಿಪ್ಪಿನೊಳಗೆ ಅವನ ಪಾದವನ್ನಿರಿಸಿ, ಹಿಮ್ಮಡಿಯ ಹಿಂದೆ ಎಷ್ಟು ಬೆರಳು ಹಿಡಿಯುವುದೆಂದು ಅಳೆದಳು. ಒಂದು, ಎರಡು, ಮೂರನೆಯ ಜೋಡಿ. ನಾಲ್ಕನೆಯದರಲ್ಲಿ ಅವಳ ಎರಡು ಬೆರಳು ಬಿಗಿಯಾಗಿ ನಿಂತವು.

“ಇದು ನಿಮ್ಮದು.”

ಎರ್ಮೆಕ್ ತನ್ನ ಪಾದದ ಬಳಿ ಬಾಗಿದ್ದ ಆ ತಲೆಯನ್ನು, ತಲೆವಸ್ತ್ರದಂಚಿನಿಂದ ಜಾರಿದ ಒಂದು ಎಳೆ ಕೂದಲನ್ನು ನೋಡುತ್ತಿದ್ದ. ಅವನ ಸಿಟ್ಟು ಎಲ್ಲಿ ಹೋಯಿತೋ!

“ಅಕ್-ತೆರೆಕ್! ಅಕ್-ತೆರೆಕ್! ಹತ್ತಿ ಎಲ್ಲ!” ಕುಬಾತ್ ಎದ್ದು ಕೂಗಿದ.

* * *

ಅಕ್-ತೆರೆಕ್‌ನ ವ್ಯಾನು ನಿಲ್ಲುತ್ತಿದ್ದುದು ಅವಳ ಅಂಗಡಿಯ ಮುಂದೆಯೇ. ಆದ್ದರಿಂದ ಚಳಿಗಾಲದಲ್ಲಿ ಪ್ರಯಾಣಿಕರೆಲ್ಲ ಅವಳ ಒಲೆಯ ಸುತ್ತ ನೆರೆಯುವುದು ತಂದೆಯ ಕಾಲದಿಂದಲೂ ನಡೆದುಬಂದ ರೂಢಿ. ವ್ಯಾನು ತುಂಬುವವರೆಗೆ ಮಾತು, ನಗು, ಬಟ್ಟಲುಗಳ ಸದ್ದು. ಕುಬಾತನ ಕೂಗು ಕೇಳಿದೊಡನೆ ಎಲ್ಲರೂ ಗಂಟುಮೂಟೆಗಳೊಂದಿಗೆ ಧಾವಿಸುವರು.

ಆಮೇಲೆ ಉಳಿಯುತ್ತಿದ್ದುದು ಎಂಟು ಎಂಜಲು ಬಟ್ಟಲುಗಳು, ನೆಲದ ಮೇಲೆ ಕರಗಿದ ಹಿಮದ ನೀರು, ಮತ್ತು ಅವಳು.

ದಿನಕ್ಕೆ ಮೂರು ಬಾರಿ ವ್ಯಾನು ಹೊರಡುತ್ತಿತ್ತು. ದಿನಕ್ಕೆ ಮೂರು ಬಾರಿ ಅವಳು ಒಂಟಿಯಾಗುತ್ತಿದ್ದಳು.

ಮೂವತ್ತಮೂರರ ಹರೆಯ. ಒಂಬತ್ತು ವರ್ಷಗಳ ಹಿಂದೆ, ಮದುವೆಮನೆಗಳಲ್ಲಿ ಹಾಡುತ್ತಿದ್ದವನೊಬ್ಬನ ಕಂಠಕ್ಕೂ ಚರ್ಮದ ಕೋಟಿಗೂ ಮರುಳಾಗಿ ಅವನ ಕೈಹಿಡಿದಿದ್ದಳು. ಅವನು ದುಡಿಮೆಗೆಂದು ರಷ್ಯಾಕ್ಕೆ ಹೋದ. ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ. ಅವಳು ತವರಿಗೆ ಮರಳಿದಳು. ಮೂರು ವರ್ಷಗಳ ಹಿಂದೆ ತಂದೆಯೂ ಕಣ್ಮುಚ್ಚಿದ ಮೇಲೆ, ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವಳದೇ ಉಸಿರು, ಅವಳದೇ ಹೆಜ್ಜೆ.

‘ಊರಿಗೆಲ್ಲ ಬುದ್ಧಿ ಹೇಳ್ತೀನಿ, ಬಣ್ಣ ನೋಡಬೇಡಿ, ಅಳತೆ ನೋಡಿ ಅಂತ. ನನ್ನ ಬಾಳಿನಲ್ಲಿ ನಾನು ನೋಡಿದ್ದು ಬರೀ ಬಣ್ಣವನ್ನೇ...’

ಸಂಜೆ ಕುಲುಮೆಯಂತೆ ಕೆಂಪಾಗಿ ಬೆಟ್ಟದ ನೆತ್ತಿಯಲ್ಲಿ ಆರುವಾಗ ಈ ಮಾತು ಅವಳಿಗೆ ನೆನಪಾಗುತ್ತಿತ್ತು. ಆಗ ಅವಳು ಎದ್ದು, ಯಾವುದಾದರೂ ಹಳೆಯ ಸ್ಕೀಯ ಅಂಚನ್ನು ಅರದಿಂದ ಉಜ್ಜತೊಡಗುತ್ತಿದ್ದಳು. ಉಜ್ಜುವ ಸದ್ದಿಗಾದರೂ ಮನೆ ತುಂಬಲೆಂದು.

* * *

ಎರ್ಮೆಕ್ ಪ್ರತಿ ಗುರುವಾರ ಔಷಧಿ ಒಯ್ಯಲು ಪಟ್ಟಣಕ್ಕೆ ಬರುತ್ತಿದ್ದ. ಔಷಧಿಯ ಪೆಟ್ಟಿಗೆ ಹನ್ನೆರಡಕ್ಕೆಲ್ಲ ಕೈಸೇರುತ್ತಿತ್ತು. ವ್ಯಾನು ಹೊರಡುವುದು ಮೂರಕ್ಕೆ.

ಒಂದು ವಾರ ಗುಲಾಬಿ ಹೂವಿನ ಸ್ಕೀ ಕೊಂಡ. ಮತ್ತೊಂದು ವಾರ, ಏರು ಹತ್ತುವಾಗ ಸ್ಕೀಯ ತಳಕ್ಕೆ ಅಂಟಿಸುವ ಹಳೆಯ ಪಟ್ಟಿಗಳನ್ನು. ಇನ್ನೊಂದು ವಾರ ಏನನ್ನೂ ಕೊಳ್ಳಲಿಲ್ಲ, ಸುಮ್ಮನೆ ಕುಳಿತಿದ್ದ.

“ಇವತ್ತೇನು ಬೇಕಿತ್ತು ಬಾಯ್ಕೆ?”

“ಚಹಾ.”

“ಚಹಾ ಮಾರೋದಿಲ್ಲ ಇಲ್ಲಿ.”

“ಹಾಗಾದ್ರೆ ಪುಕ್ಕಟೆ ಕೊಡಿ!”

ಅವಳು ನಕ್ಕಳು. ತನ್ನ ನಗೆಯ ಸದ್ದು ತನಗೇ ಅಪರಿಚಿತವೆನಿಸಿ, ತಟ್ಟನೆ ಬಾಯಿಗೆ ತಲೆವಸ್ತ್ರದ ಅಂಚನ್ನು ಅಡ್ಡ ಹಿಡಿದಳು.

ಆ ದಿನ ವ್ಯಾನು ತುಂಬುವ ಮುನ್ನ ಅವನೊಂದು ವಿಚಿತ್ರ ಕೆಲಸ ಮಾಡಿದ. ತೋಳು ಮಡಚಿ, ಎಲ್ಲರ ಎಂಜಲು ಬಟ್ಟಲುಗಳನ್ನೂ ಬಾಚಿ, ಬಿಸಿನೀರಿನಲ್ಲಿ ತೊಳೆದು, ಒರೆಸಿ, ಕಪಾಟಿನಲ್ಲಿ ಬೋರಲಿಟ್ಟ.

“ಅಯ್ಯೋ ಡಾಕ್ಟ್ರೇ! ಬಟ್ಟಲು ತೊಳೆಯೋ ಗಂಡಸು!” ಕುಬಾತ್ ಕಣ್ಣರಳಿಸಿದ. “ನಿಮ್ಮ ದಕ್ಷಿಣದವರಲ್ಲಿ ಹೀಗೂ ಉಂಟಾ?”

“ಇಂಜೆಕ್ಷನ್ ಸೂಜಿ ತೊಳೆಯೋ ಕೈಗೆ ಬಟ್ಟಲು ಯಾವ ಲೆಕ್ಕ ಕುಬಾತ್?”

ಎಲ್ಲರೂ ಹೋದ ಮೇಲೆ ತಾಜಗುಲ್ ಕಪಾಟಿನ ಮುಂದೆ ಬಹಳ ಹೊತ್ತು ನಿಂತಳು. ವ್ಯಾನು ಹೊರಟ ಮೇಲೂ ಆ ಕೋಣೆ ಅಂದು ಪೂರ್ತಿ ಬರಿದಾಗಿರಲಿಲ್ಲ. ಯಾರೋ ತನ್ನ ಒಂಟಿತನವನ್ನು ಮೊದಲೇ ಊಹಿಸಿ, ಅದರ ಭಾರವನ್ನು ಎಂಟು ಬಟ್ಟಲಿನಷ್ಟು ಇಳಿಸಿ ಹೋಗಿದ್ದ...

‘ಬೇಡ ತಾಜಗುಲ್. ಆಸೆ ಬೇಡ.’

ಆಸೆ ಅವಳ ಅಪ್ಪಣೆಗಾಗಿ ಕಾಯಲಿಲ್ಲ.

* * *

ಜನವರಿಯ ಕೊನೆಯ ಗುರುವಾರ ಬೈಂಡಿಂಗಿನ ಸರದಿ ಬಂತು. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಕಬ್ಬಿಣದ ಸಾಧನವದು. ಓಡುವಾಗ ಹಿಡಿದಿರಬೇಕು; ಬಿದ್ದಾಗ ಬಿಡಬೇಕು. ಬಿಡದಿದ್ದರೆ ಸ್ಕೀಯೊಂದಿಗೆ ಕಾಲೂ ತಿರುಚಿಕೊಳ್ಳುತ್ತದೆ.

“ಹೊಸದು ಹಗುರ ಇರುತ್ತೆ, ಆದ್ರೆ ಬೆಲೆ ನಾಲ್ಕು ಪಟ್ಟು,” ಎಂದಳು ತಾಜಗುಲ್. “ಇದು ಹಳೇ ಮಾದರಿ. ಭಾರ ಜಾಸ್ತಿ, ತೊಡೆ ನೋಯುತ್ತೆ. ಆದ್ರೆ ಕೆಲಸ ಚೊಕ್ಕ. ಭಾರದಲ್ಲಿ ರಾಜಿ ಆಗಬಹುದು ನೀವು.”

“ನೀವು ಹೇಳಿದ್ಮೇಲೆ ಆಯ್ತು.”

ಅವಳು ತಿರುಪುಳಿ ಹಿಡಿದು ಬೆಂಚಿಗೆ ಬಾಗಿದಳು. “ಈಗ ನಾನು ಕೇಳೋದಕ್ಕೆ ನಿಜ ಹೇಳಬೇಕು. ತೂಕ?”

“ಎಂಬತ್ತೆರಡು.”

“ವಯಸ್ಸು?”

“ಮೂವತ್ತೇಳು.”

“ಅಭ್ಯಾಸ ಎಷ್ಟು? ಹೊಸಬರಾದ್ರೆ ಸಡಿಲ ಇಡ್ತೀನಿ, ಬಿದ್ದ ತಕ್ಷಣ ಬಿಟ್ಕೊಳ್ಳುತ್ತೆ. ಪಳಗಿದವರಾದ್ರೆ ಬಿಗಿ. ಇಲ್ಲಿ ಗಂಡಸರೆಲ್ಲ ಸುಳ್ಳು ಹೇಳ್ತಾರೆ ಬಾಯ್ಕೆ, ನೀವು ಹೇಳಬೇಡಿ.”

ಅವನು ಉತ್ತರಿಸುವ ಮೊದಲೇ ಒಲೆಯ ಬಳಿಯಿಂದ ಕುಬಾತ್ ಅವಳನ್ನು ಅಕ್ಕನೆಂದು ಕರೆದು ಬಾಯಿ ಹಾಕಿದ. “ಕೇಳೋದೇನಿದೆ ಎಜೆ? ಅವರು ಉಜ್ಗೆನ್‌ನವರು! ದಕ್ಷಿಣದ ಭತ್ತದ ಗದ್ದೇಲಿ ಸ್ಕೀ ಮಾಡಿರ್ತಾರೆ, ಕೆಸರಲ್ಲಿ!”

ಕೋಣೆ ನಗೆಯಲ್ಲಿ ತೇಲಿಹೋಯಿತು. ಎರ್ಮೆಕ್ ತಾಜಗುಲ್‌ಳತ್ತ ನೋಡಿದ.

ಅವಳೂ ನಗುತ್ತಿದ್ದಳು.

ಅದು ನಿರ್ಮಲವಾದ ನಗೆ, ಪ್ರೀತಿಯ ನಗೆ. ಆದರೆ ಹೃದಯ ಸೋತವನಿಗೆ ಅದು ಹೇಗೆ ತಿಳಿದೀತು!

“ಪಳಗಿದವನು,” ಎಂದುಬಿಟ್ಟ. “ನಮ್ಮಜ್ಜಿ ಊರು ಬೆಟ್ಟದ ಮೇಲೆ. ನಡೆಯೋದಕ್ಕೆ ಮುಂಚೆ ಸ್ಕೀ ಕಲಿತವನು ನಾನು.”

ಅದು ಶುದ್ಧ ಸುಳ್ಳು. ಅವನು ಬದುಕಿನಲ್ಲಿ ಒಮ್ಮೆಯೂ ಸ್ಕೀ ಮೇಲೆ ನಿಂತಿರಲಿಲ್ಲ.

“ಅಬ್ಬಾ!” ತಾಜಗುಲ್‌ಳ ಕಣ್ಣುಗಳಲ್ಲಿ ಹೊಳಪೊಂದು ಮಿಂಚಿತು. ಆ ಹೊಳಪಿಗಾಗಿ ಅವನು ಇನ್ನೂ ನೂರು ಸುಳ್ಳು ಹೇಳಬಲ್ಲವನಾಗಿದ್ದ.

ಅವಳು ತಿರುಪನ್ನು ಇನ್ನೆರಡು ಸುತ್ತು ಬಿಗಿದಳು.

* * *

ಹತ್ತು ದಿನ ಅವನು ಚಿಕಿತ್ಸಾಲಯದ ಹಿಂದಿನ ದಿಬ್ಬದಲ್ಲಿ, ಯಾರೂ ಏಳದ ಮುಂಜಾವಿನಲ್ಲಿ, ಗುಟ್ಟಾಗಿ ಬಿದ್ದು ಎದ್ದು ಕಲಿತ. ಹನ್ನೊಂದನೆಯ ದಿನ ಮೇಲಿನ ಕೇರಿಯಿಂದ ಕರೆ ಬಂತು. ಗರ್ಭಿಣಿಯೊಬ್ಬಳಿಗೆ ನೋವು ಶುರುವಾಗಿದೆ!

ಹೋದ. ಏರನ್ನು ಹತ್ತಿದ. ಆಚೆಯ ಇಳಿಜಾರಿನಲ್ಲಿ ಬಿದ್ದ.

ಬೈಂಡಿಂಗ್ ಬಿಡಲಿಲ್ಲ.

ಸುದ್ದಿಯನ್ನು ತಾಜಗುಲ್‌ಳ ಅಂಗಡಿಗೆ ತಂದವನು ಕುಬಾತನೇ. ಅಂದು ಅವನ ಮೋರೆಯಲ್ಲಿ ನಗೆಯಿರಲಿಲ್ಲ.

“ಕಾಲು ಮುರಿದಿದೆ ಎಜೆ. ಎರಡು ಕಡೆ. ಎರಡು ಗಂಟೆ ಹಿಮದಲ್ಲೇ ಬಿದ್ದಿದ್ರಂತೆ, ಆಮೇಲೆ ಯಾರೋ ಕುದುರೆ ಜಾರುಬಂಡೀಲಿ ತಂದ್ರು. ಮಗು ಹುಟ್ಟಿತು, ತಾಯೀನೂ ಕ್ಷೇಮ, ಮನೆ ಹೆಂಗಸರೇ ನೋಡ್ಕೊಂಡ್ರು. ಆದ್ರೆ ಇವರು...” ಅವನು ಟೊಪ್ಪಿಗೆಯನ್ನು ಕೈಯಲ್ಲಿ ಹಿಸುಕಿದ. “ಬಿಡಲೇ ಇಲ್ಲವಂತೆ ಅದು. ಹಳೇದಲ್ವಾ...”

ಒಲೆಯ ಸುತ್ತ ಕುಳಿತವರೆಲ್ಲ ಅವಳನ್ನು ನೋಡಿದರು. ಬಾಯಿಬಿಟ್ಟು ಬೈದಿದ್ದರೆ ಅದು ಹಗುರವಾಗಿರುತ್ತಿತ್ತು.

ವ್ಯಾನು ಹೊರಟ ಮೇಲೆ ಅವಳು ಅದೇ ಮಾದರಿಯ ಇನ್ನೊಂದು ಬೈಂಡಿಂಗನ್ನು ಬೆಂಚಿಗೆ ಬಿಗಿದು, ಬೂಟು ತೊಡಿಸಿ ತಿರುಚಿದಳು. ಬಿಟ್ಟಿತು. ಮತ್ತೆ ತಿರುಚಿದಳು. ಬಿಟ್ಟಿತು. ಹನ್ನೆರಡು ಬಾರಿಯೂ ಬಿಟ್ಟಿತು.

‘ಹಾಗಾದರೆ ಅವರದು ಯಾಕೆ ಬಿಡಲಿಲ್ಲ? ಸ್ಪ್ರಿಂಗ್ ಹಳತಾಗಿತ್ತಾ? ನಾನು ನೋಡಿದೆನಾ? ಸರಿಯಾಗಿ ನೋಡಿದೆನಾ? ಅಥವಾ... ಬೇಗ ಕೊಟ್ಟುಬಿಡಬೇಕು, ಅವರು ನಗಬೇಕು ಅನ್ನೋ ಆಸೇಲಿ ಕಣ್ಣು ಮಂಜಾಗಿತ್ತಾ?’

ರಾಜಿಯಾಗಬಾರದ ಕಡೆಯೇ ತಾನು ರಾಜಿಯಾದೆನೆಂಬ ಶಂಕೆ ಅವಳೆದೆಯಲ್ಲಿ ಮುಳ್ಳಿನಂತೆ ನೆಟ್ಟು ನಿಂತಿತು.

* * *

ಮರುದಿನ ಕುರಿಯ ಮೂಳೆ ಬೇಯಿಸಿದ ಬಿಸಿ ಸಾರನ್ನು ಫ್ಲಾಸ್ಕಿಗೆ ತುಂಬಿಕೊಂಡು ಅವಳು ಪಟ್ಟಣದ ಆಸ್ಪತ್ರೆಗೆ ಹೋದಳು. ವಾರ್ಡಿನ ಬಾಗಿಲಲ್ಲಿ ಬಿಳಿಯ ವಸ್ತ್ರವನ್ನು ತಲೆಗೆ ಸುತ್ತಿದ ವೃದ್ಧೆಯೊಬ್ಬಳು ಜಪಮಣಿ ಎಣಿಸುತ್ತ ಕುಳಿತಿದ್ದಳು. ದಕ್ಷಿಣದಿಂದ ಧಾವಿಸಿ ಬಂದ ಎರ್ಮೆಕನ ತಾಯಿ.

“ಅಪಾ, ಒಳಗೆ ಹೋಗಬಹುದಾ? ನಾನು... ಸ್ಕೀ ಅಂಗಡಿಯವಳು.”

ಅಮ್ಮನೆಂಬ ಆ ಕರೆಗೆ ವೃದ್ಧೆ ತಲೆಯೆತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ದ್ವೇಷವಿರಲಿಲ್ಲ, ಸಂಕಟವಿತ್ತು.

“ಯಾರನ್ನೂ ಬಿಡಬೇಡ ಅಂದಿದಾನೆ ಮಗಳೇ. ಸ್ಕೀ ಅಂಗಡಿಯವಳು ಬಂದ್ರೆ ಖಂಡಿತಾ ಬೇಡ ಅಂತ ಎರಡು ಸಲ ಹೇಳಿದ. ನಾನೇನು ಮಾಡಲಿ?”

ತಾಜಗುಲ್‌ಳ ಕೈ ಫ್ಲಾಸ್ಕನ್ನು ಮುಂದೊಡ್ಡಿತು.

“ಸಾರು ಮಾತ್ರ... ನಾನು ತಂದೆ ಅನ್ನಬೇಡಿ.”

ವೃದ್ಧೆ ಎರಡೂ ಕೈಯೊಡ್ಡಿ ಫ್ಲಾಸ್ಕನ್ನು ತೆಗೆದುಕೊಂಡಳು. ತಾಜಗುಲ್ ಹೊರಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು, ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅಳುವುದಕ್ಕೊಂದು ಮರೆಯನ್ನು ಹುಡುಕುವ ಶಕ್ತಿಯೂ ಅವಳಿಗಿರಲಿಲ್ಲ.

ಗೋಡೆಯ ಆಚೆ ಮಲಗಿದ್ದವನ ಮನಸ್ಸನ್ನು ಅವಳು ಕಂಡಿದ್ದರೆ!

‘ಅವಳಿಗೆ ಯಾವ ಮುಖ ತೋರಿಸಲಿ? ನಿಜ ಹೇಳಿ ಅಂತ ಕೇಳಿದ್ದಳು. ಅವಳ ಕಣ್ಣು ನೋಡಿ ಸುಳ್ಳು ಹೇಳಿದೆ. ಬಂದರೆ ಮೊದಲು ಕೇಳೋದು ಅದನ್ನೇ... ಬೇಡ. ಅವಳು ಬರೋದೇ ಬೇಡ.’

ಇಬ್ಬರ ನಡುವೆ ಇದ್ದುದು ಒಂದೇ ಗೋಡೆ. ಒಬ್ಬರದು ನಾಚಿಕೆ, ಇನ್ನೊಬ್ಬರದು ಅಪರಾಧಭಾವ. ಎರಡಕ್ಕೂ ಬಾಯಿಯಿಲ್ಲ.

* * *

ಆಮೇಲಿನ ಗುರುವಾರಗಳು ಬಂದವು, ಹೋದವು.

ಎರ್ಮೆಕನನ್ನು ಹಳ್ಳಿಗೆ ಕರೆದೊಯ್ದರೆಂದು ಕುಬಾತ್ ಹೇಳಿದ. ಅದಕ್ಕಿಂತ ಹೆಚ್ಚಾಗಿ ಅವಳು ಕೇಳಲಿಲ್ಲ. ಗಂಡ ಬಿಟ್ಟ ಹೆಣ್ಣು ಪರಗಂಡಸಿನ ಯೋಗಕ್ಷೇಮ ವಿಚಾರಿಸಿದರೆ, ವ್ಯಾನು ಅಕ್-ತೆರೆಕ್ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಫೋನನ್ನು ಅದೆಷ್ಟೋ ಬಾರಿ ಕೈಗೆತ್ತಿಕೊಂಡಳು, ಕೆಳಗಿಟ್ಟಳು.

ಗಿರಾಕಿಗಳು ಕಡಿಮೆಯಾದರು. ಬಂದವರು ಬೈಂಡಿಂಗನ್ನು ಎರಡೆರಡು ಸಲ ತಿರುಗಿಸಿ ನೋಡಿ, “ನೋಡೋಣ ಎಜೆ” ಎಂದು ಹೊರಟುಹೋಗುತ್ತಿದ್ದರು.

ಅವಳು ಅನ್ನ ಬೇಯಿಸುವುದನ್ನು ಬಿಟ್ಟಳು. ಒಬ್ಬಳಿಗೆ ಅಡುಗೆ ಒಲೆ ಯಾಕೆ? ಹಳೆಯ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ನುಂಗುವಳು. ಕಿಟಕಿಯಾಚೆ ಬೆಟ್ಟ ಮೊದಲು ಗುಲಾಬಿಯಾಗಿ, ಆಮೇಲೆ ಬೂದಿಯಾಗುವುದನ್ನು ನೋಡುವಳು. ಸಂಧ್ಯೆಯ ಪ್ರಾರ್ಥನೆಗೆ ಮಂಡಿಯೂರಿದರೂ ಬಾಯಿಗೆ ಬರುತ್ತಿದ್ದುದು ಒಂದೇ: ‘ಅವರ ಕಾಲು ಕೂಡಿಕೊಳ್ಳಲಿ. ನನ್ನನ್ನು ಕ್ಷಮಿಸದಿದ್ದರೂ ಆದೀತು, ಆ ಕಾಲು ಕೂಡಿಕೊಳ್ಳಲಿ.’

ರಾಜಧಾನಿ ಬಿಷ್ಕೆಕ್‌ನಿಂದ ಅಣ್ಣ ಮೆದೆರ್ ಫೋನು ಮಾಡಿದ. “ಎಷ್ಟು ದಿನ ಅಂತ ಆ ಗುಜರಿ ಕಾಯ್ತಾ ಕೂತಿರ್ತೀಯ? ಅಂಗಡಿ ಮಾರು, ಇಲ್ಲಿಗೆ ಬಾ. ಮಕ್ಕಳನ್ನ ನೋಡ್ಕೊಂಡು ಇರು.”

ಪ್ರತಿ ವರ್ಷವೂ ಅವನು ಹಾಗೆ ಹೇಳುತ್ತಿದ್ದ. ಪ್ರತಿ ವರ್ಷವೂ ಅವಳು ನಕ್ಕು ತಳ್ಳಿಹಾಕುತ್ತಿದ್ದಳು.

“ಬರ್ತೀನಿ ಅಣ್ಣಾ,” ಎಂದಳು ಈ ಬಾರಿ. “ನೂರುಜ್ ಹಬ್ಬ ಮುಗಿದ ಮೇಲೆ.”

ಅಣ್ಣನ ಮಕ್ಕಳ ಬಟ್ಟೆ ಮಡಚುತ್ತ, ಇನ್ನೊಬ್ಬರ ಮನೆಯ ಮೂಲೆಯಲ್ಲಿ ಮುದಿಯಾಗುವ ತನ್ನ ರೂಪವನ್ನು ತಾಜಗುಲ್ ಸ್ಪಷ್ಟವಾಗಿ ಕಂಡಳು. ಕಂಡೂ ಫೋನಿಟ್ಟಳು.

* * *

ವಸಂತದ ಆ ಹೊಸವರ್ಷದ ಹಬ್ಬಕ್ಕೆ ಒಂದು ವಾರವಿತ್ತು. ಅಂಗಡಿಯ ಬಾಗಿಲಿಗೆ ‘ಎಲ್ಲವೂ ಮಾರಾಟಕ್ಕಿದೆ’ ಎಂಬ ರಟ್ಟು ನೇತಾಡುತ್ತಿತ್ತು. ಬೀದಿಯಲ್ಲಿ ಹಿಮ ಕರಗಿ ಕೆಸರಾಗಿತ್ತು. ಹನ್ನೊಂದರ ಬಿಸಿಲಿಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಕುಬಾತನ ವ್ಯಾನು ಬಂದು ನಿಂತ ಸದ್ದಾಯಿತು. ಆದರೆ ಯಾರೂ ಒಳಗೆ ಬರಲಿಲ್ಲ.

“ಎಜೆ!” ಕುಬಾತ್ ಹೊರಗಿನಿಂದಲೇ ಕೂಗಿದ. “ಸ್ವಲ್ಪ ಹೊರಗೆ ಬನ್ನಿ!”

ಒಲೆಯ ಬಳಿ ಕಾಯುತ್ತಿದ್ದವರೆಲ್ಲ ಎದ್ದರು. ತಾಜಗುಲ್ ಬಾಗಿಲಿಗೆ ಬಂದಳು. ಮೂರು ಮೆಟ್ಟಿಲುಗಳ ಕೆಳಗೆ, ಕೆಸರಿನಲ್ಲಿ, ಎರಡು ಊರುಗೋಲುಗಳ ಮೇಲೆ ಎರ್ಮೆಕ್ ನಿಂತಿದ್ದ. ಕೃಶವಾಗಿದ್ದ. ಗಡ್ಡ ಬೆಳೆದಿತ್ತು. ಮೊಣಕಾಲಿನವರೆಗೆ ಪಟ್ಟಿ.

‘ಬೈಯಲು ಬಂದಿದ್ದಾರೆ. ಬೈಯಲಿ.’

“ಎಲ್ಲರೂ ಕೇಳಿಸ್ಕೊಳ್ಳಿ!” ಅವನ ದನಿ ಬೀದಿಯ ತುದಿಯವರೆಗೆ ಕೇಳುವಷ್ಟು ಎತ್ತರವಿತ್ತು. “ಈ ಅಂಗಡಿಯ ಬೈಂಡಿಂಗಿನಲ್ಲಿ ಯಾವ ದೋಷವೂ ಇರಲಿಲ್ಲ. ಸ್ಕೀ ಬರುತ್ತಾ ಅಂತ ಕೇಳಿದ್ರು. ನಾನು ಪಳಗಿದವನು ಅಂದೆ. ಸುಳ್ಳು! ನನಗೆ ಸ್ಕೀ ಬರ್ತಾನೇ ಇರಲಿಲ್ಲ. ಅವತ್ತಿನ ತನಕ ಅದರ ಮೇಲೆ ಕಾಲೇ ಇಟ್ಟಿರಲಿಲ್ಲ. ನನ್ನ ಮಾತು ನಂಬಿ ಅವರು ತಿರುಪು ಬಿಗಿದ್ರು. ಕಾಲು ಮುರಿದಿದ್ದು ನನ್ನ ಸುಳ್ಳಿನಿಂದ!”

ಬೆಟ್ಟದ ಮಕ್ಕಳ ಆ ಊರಿನಲ್ಲಿ,  ಗಂಡಸರ ಗುಂಪಿನೆದುರು, ಗಂಡಸೊಬ್ಬ ಹೀಗೆ ನುಡಿಯುವುದನ್ನು ಯಾರೂ ಕೇಳಿರಲಿಲ್ಲ. ಎಂದೂ ಬಾಯಿ ಮುಚ್ಚದ ಕುಬಾತ್ ನೆಲ ನೋಡತೊಡಗಿದ.

“ತಪ್ಪು ನಂದೂ ಇದೆ ಡಾಕ್ಟ್ರೇ,” ಎಂದು ಗೊಣಗಿದ. “ಕೆಸರು, ಗದ್ದೆ ಅಂತ ನಾನೇ...” ಆಮೇಲೆ ಥಟ್ಟನೆ ತಿರುಗಿ, “ಏನ್ರೀ ನೋಡ್ತಾ ನಿಂತಿದೀರಿ? ಅಕ್-ತೆರೆಕ್! ಅಕ್-ತೆರೆಕ್! ಎಲ್ಲ ಹತ್ತಿ! ಈಗಲೇ ಹೊರಡೋದು!”

“ಇನ್ನೂ ಮೂರು ಜನ ಕಮ್ಮಿ ಇದಾರಲ್ಲ ಕುಬಾತ್?”

“ಇರಲಿ! ಹತ್ತು ಮಾರಾಯ!”

ವ್ಯಾನು ಕೆಸರು ಹಾರಿಸುತ್ತ ಮರೆಯಾಯಿತು.

ಉಳಿದವರು ಇಬ್ಬರು.

ಅವಳ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಆದರೆ ಬಾಯಿ ತೆರೆದಾಗ ಹೊರಬಂದದ್ದು ಕೋಪ.

“ನಲವತ್ತು ದಿನ!” ಎಂದಳು. “ನಲವತ್ತು ದಿನ ನಾನು ನಿಮ್ಮ ಕಾಲು ಮುರಿದೆ ಅಂತ ಬದುಕಿದೀನಿ! ಹನ್ನೆರಡು ಸಲ ಆ ಬೈಂಡಿಂಗ್ ತಿರುಚಿ ನೋಡಿದೀನಿ! ನನ್ನ ತಂದೆ ಹೆಸರಿಗೆ ಮಸಿ ಬಳಿದೆ ಅಂದ್ಕೊಂಡಿದೀನಿ! ಒಂದು ಮಾತು... ಒಂದೇ ಒಂದು ಮಾತು ಹೇಳಿ ಕಳಿಸೋಕೆ ಆಗ್ಲಿಲ್ವಾ ನಿಮಗೆ?”

“ನನ್ನ ನಾಚಿಕೆಯಲ್ಲೇ ಮುಳುಗಿಹೋಗಿದ್ದೆ. ಅದರಾಚೆ ನಿಮ್ಮ ನೋವಿದೆ ಅಂತ ಹೊಳೀಲೇ ಇಲ್ಲ.” ಅವನು ತಲೆತಗ್ಗಿಸಿದ. “ನಿನ್ನೆ ಕುಬಾತ್ ಹೇಳಿದ, ಎಜೆ ಅಂಗಡಿ ಮಾರ್ತಿದಾರೆ ಅಂತ. ಆಗ ನಮ್ಮ ಅಪಾ ಹೇಳಿದ್ಲು, ಸಾರು ತಂದ ಹುಡುಗಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನ ಕಿಟಕಿಯಿಂದ ನೋಡಿದೆ ಅಂತ. ಅವತ್ತು ನಾನು ಕುಡಿದದ್ದು ಯಾರ ಸಾರು ಅಂತಾನೂ ನನಗೆ ನಿನ್ನೆ ತನಕ ಗೊತ್ತಿರಲಿಲ್ಲ.”

“ನಾನೇ ಹೇಳಬೇಡಿ ಅಂದಿದ್ದೆ.”

“ಇಬ್ಬರೂ ಸೇರಿ ಒಳ್ಳೇ ಕೆಲಸ ಮಾಡಿದ್ವಿ.”

ಅವಳ ತುಟಿಯಂಚಿನಲ್ಲಿ ನಗುವೊಂದು ಮೂಡಲು ಹವಣಿಸಿ, ಅಳುವಿನಲ್ಲಿ ಕರಗಿತು.

“ಯಾಕೆ ಸುಳ್ಳು ಹೇಳಿದ್ರಿ?”

“ನೀವು ನಕ್ಕಿರಿ.”

“ನಾನು...!”

“ಬೇರೆ ಯಾರು ನಕ್ಕಿದ್ರೂ ನನಗೇನೂ ಆಗ್ತಿರಲಿಲ್ಲ.”

ಸೂರಿನ ಹನಿಗಳು ತೊಟ್ಟಿಕ್ಕುತ್ತಲೇ ಇದ್ದವು. ತಾಜಗುಲ್ ಬಾಗಿಲ ಚೌಕಟ್ಟಿಗೆ ಒರಗಿದಳು.

“ಬಿಷ್ಕೆಕ್‌ಗೆ ಹೋಗಬೇಡಿ,” ಎಂದ ಅವನು. “ಇದನ್ನ ಹೇಳೋಕೇ ಬಂದೆ. ಅದು... ಅಂಗಡಿಯ ಸಲುವಾಗಿ ಅಲ್ಲ. ನನ್ನ ಸಲುವಾಗಿ.”

“ಊರಲ್ಲಿ ನನ್ನನ್ನ ಏನಂತಾರೆ ಗೊತ್ತಾ? ತಿರುಗಿ ಬಂದವಳು ಅಂತಾರೆ.”

“ನಾನು ಊರಿನವನಲ್ಲವಲ್ಲ. ಗದ್ದೆಯವನು.”

ಈ ಬಾರಿ ನಗು ಅಳುವನ್ನು ಗೆದ್ದಿತು. ಆದರೂ ಅವಳೊಳಗಿನ ಹಳೆಯ ಗಾಯವೊಂದು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿಯೇಬಿಟ್ಟಿತು.

“ಹಾಗಾದ್ರೆ ನಾನೂ ಒಂದು ರಾಜಿಯಾ? ಯಾರೂ ಮುಟ್ಟದ್ದು, ಅಗ್ಗಕ್ಕೆ ಸಿಕ್ಕಿತು ಅಂತ...?”

“ಅಗ್ಗವಾ!” ಅವನು ಪಟ್ಟಿ ಸುತ್ತಿದ ಕಾಲನ್ನು ತೋರಿಸಿದ. “ಒಂದು ಕಾಲನ್ನೇ ಕೊಟ್ಟಿದೀನಿ ತಾಜಗುಲ್! ಇಷ್ಟು ದುಬಾರಿ ನನ್ನ ಜನ್ಮದಲ್ಲಿ ಇನ್ಯಾವುದೂ ಇಲ್ಲ.”

ಅವನು ಕರಿಂದಾಶ್ ಎನ್ನಲಿಲ್ಲ. ಬರಿಯ ಹೆಸರು. ಅವನ ಬಾಯಲ್ಲಿ ಆ ಹೆಸರನ್ನು ಅವಳು ಅದೇ ಮೊದಲು ಕೇಳಿದ್ದು.

ಅವಳು ಬಾಗಿಲಿನ ರಟ್ಟನ್ನು ಕಿತ್ತು, ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು.

“ಒಳಗೆ ಬನ್ನಿ... ಎರ್ಮೆಕ್.” ಅವಳ ದನಿ ಪಿಸುಮಾತಿನಷ್ಟು ತಗ್ಗಿತ್ತು. “ಅಡುಗೆ ಒಲೆ ಹಚ್ಚಿ ಅನ್ನ ಬೇಯಿಸ್ತೀನಿ. ಮೂರು ಮೆಟ್ಟಿಲಿದೆ. ಹತ್ತಬಲ್ಲಿರಾ?”

‘ಓಹೋ, ಇದ್ಯಾವ ಮಹಾ!’ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ನುಂಗಿದ.

“ಇಲ್ಲ,” ಎಂದ. “ನನ್ನಿಂದ ಆಗಲ್ಲ.”

ಅವಳು ಮೆಟ್ಟಿಲಿಳಿದು ಕೆಸರಿಗೆ ಬಂದಳು. ಒಂದು ಊರುಗೋಲನ್ನು ತೆಗೆದು ಗೋಡೆಗೊರಗಿಸಿ, ಅವನ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. ಮೊದಲ ಮೆಟ್ಟಿಲಿನಲ್ಲಿ ಇಬ್ಬರೂ ಒಮ್ಮೆ ತೂಗಾಡಿ, ಸಾವರಿಸಿಕೊಂಡು ನಿಂತರು.

“ಭಾರ ಆಗ್ತಿದೀನಾ?”

“ಆಗ್ತಿದೀರಿ,” ಎಂದಳು ತಾಜಗುಲ್. “ಕೈ ಮಾತ್ರ ತೆಗೀಬೇಡಿ.”